ಮನೇಲೇ ಮಾಡಿದ ಗಿಟಾರ್ ಬಾಡಿಗೆ ಬಣ್ಣ ಕುಡಿಸೋದು, ಎಣ್ಣೆ ಹಚ್ಚೋದು

ನನ್ನ ಮೊದಲನೇ ಎಲೆಕ್ಟ್ರಿಕ್ ಗಿಟಾರ್ ಬಾಡಿ ಹಲಸಿನ ಮರದ್ದು. ದೊಡ್ಡಬಳ್ಳಾಪುರದ ಕಡೆ ಸಿಂಪಾಡಿಪುರದಲ್ಲಿ ಹಲಸಿನ ದಿಮ್ಮಿ ಕೊರೆದೇ ವೀಣೆ ಮಾಡೋದಲ್ವಾ, ನಾದಕ್ಕೆ ಒಗ್ಗಿದ ಮರ, ಊರಲ್ಲಿ ಸುಲಭಕ್ಕೂ ಸಿಗತ್ತೆ ಅಂತ ತಗೊಂಡಿದ್ದೆ. ಕತ್ತರಿಸಿ, ಉಜ್ಜಿ, ಆಸೆಪಟ್ಟು ಕಡು ನೀಲಿ ಡೈ ಹಾಕ್ದೆ. ಒಣಗೋ ಹೊತ್ತಿಗೆ ಹಸಿರಾಗಿತ್ತು, ಮೇಲೆ ಅಗಸೆ ಎಣ್ಣೆ ಬಿದ್ದಾಗ ಇನ್ನೂ ಹಸಿರಾಯ್ತು.

ಯಾಕೆ ಅಂತ ಆಮೇಲೆ ಅರ್ಥ ಆಯ್ತು. ಹಲಸಿನ ಕೆಚ್ಚು ತಾನೇ ಒಂದು ಬಣ್ಣ, ಅದರ ಚಕ್ಕೆ ಕುದಿಸಿದ್ರೆ ಹಳದಿ ಇಳಿಯತ್ತೆ, ಬೌದ್ಧ ಭಿಕ್ಷುಗಳ ಬಟ್ಟೆಗೆ ಆ ಹಳದೀನೇ ಹಾಕ್ತಿದ್ರು. ಡೈ ಅನ್ನೋದು ಗೋಡೆಗೆ ಹೊಡೆಯೋ ಪೇಂಟ್ ತರ ಮರವನ್ನ ಮುಚ್ಚಲ್ಲ, ಅದು ಗಾಜಿನ ಹಾಗೆ, ಕೆಳಗಿರೋ ಮರದ ಬಣ್ಣ ಅದರೊಳಗಿಂದ ಕಾಣ್ತಾನೇ ಇರತ್ತೆ. ಹಳದಿ ಮೇಲೆ ನೀಲಿ ಬಿದ್ರೆ ಹಸಿರು, ಸ್ಕೂಲಲ್ಲಿ ಕಲಿತದ್ದೇ. ಅದರ ಮೇಲೆ ಎಣ್ಣೆಯೂ ಸ್ವಲ್ಪ ಜೇನು ಬಣ್ಣ ಕೊಡತ್ತೆ, ಹಾಗಾಗಿ ಮರ, ಡೈ, ಎಣ್ಣೆ ಮೂರೂ ಸೇರಿ ಒಂದು ಬಣ್ಣ ಅಂತ ಲೆಕ್ಕ ಹಾಕ್ಬೇಕು, ಡಬ್ಬದ ಮೇಲಿರೋ ಬಣ್ಣ ನೋಡಿ ಅಲ್ಲ.

ಅದಕ್ಕೇ ಮೊದಲನೇ ಮಾತು, ಬಾಡಿ ಕತ್ತರಿಸಿದ ಹಲಗೆಯ ತುಂಡುಗಳನ್ನ ಒಲೆಗೆ ಹಾಕ್ಬೇಡಿ. ಅಂಗೈ ಅಗಲದ್ದು ನಾಲ್ಕೈದು ತುಂಡು ಎತ್ತಿಟ್ಕೊಳ್ಳಿ, ಬಾಡಿಗೆ ಏನೇನು ಮಾಡ್ತೀರೋ ಅಷ್ಟನ್ನೂ ಮೊದಲು ಆ ತುಂಡಿಗೆ ಮಾಡಿ, ಅದೇ ನಂಬರ್ ಉಪ್ಪು ಕಾಗದದಲ್ಲಿ ಉಜ್ಜಿ, ಅದೇ ಡೈ, ಅದೇ ಎಣ್ಣೆ, ಅಷ್ಟೇ ಕೋಟ್, ಪೂರ್ತಿ. ಬರೀ ಡೈ ಹಾಕಿ ನೋಡಿದ್ರೆ ಸಾಲಲ್ಲ, ಒಣಗಿದ ಡೈ ಬೂದಿ ಬಳಿದ ಹಾಗೆ ಮಂಕಾಗಿ ಕಾಣತ್ತೆ, ಎಣ್ಣೆ ಬಿದ್ದ ಮೇಲೇ ನಿಜವಾದ ಬಣ್ಣ ಮೇಲೆದ್ದು ಬರೋದು. ತುಂಡಿನ ಹಿಂದೆ ಪೆನ್ಸಿಲಲ್ಲಿ ಎಷ್ಟು ಗ್ರಾಂ, ಎಷ್ಟು ನೀರು, ಎಷ್ಟು ಕೋಟ್ ಅಂತ ಬರೆದಿಡಿ, ನೆನಪಿರತ್ತೆ ಅಂದ್ಕೊಂಡ್ರೆ ಇರಲ್ಲ.

ಮರದ ವಿಷಯ. ಈಗ ನಾನು ಡೈ ಹಾಕೋ ಬಾಡಿಗೆ ಸಿಲ್ವರ್ ಓಕ್ ಉಪಯೋಗಿಸ್ತೀನಿ. ಚಿಕ್ಕಮಗಳೂರು, ಕೊಡಗು, ಸಕಲೇಶಪುರ ಕಡೆ ಕಾಫಿ ತೋಟದಲ್ಲಿ ನೆರಳಿಗೆ ಹಾಕಿರ್ತಾರಲ್ಲ, ಮೆಣಸಿನ ಬಳ್ಳಿ ಹಬ್ಬಿಸಿರ್ತಾರಲ್ಲ, ಅದೇ ಮರ. ಹುಟ್ಟೂರು ಆಸ್ಟ್ರೇಲಿಯಾದ ಪೂರ್ವ ಭಾಗ, ಹೆಸರಲ್ಲಿ ಓಕ್ ಇದ್ರೂ ಓಕ್ ಜಾತಿ ಅಲ್ಲ. ಆದ್ರೆ ದಿಮ್ಮಿಯನ್ನ ತಿರುಳಿಂದ ಹೊರಗಡೆಗೆ, ಅಂದ್ರೆ ಕ್ವಾರ್ಟರ್ ಸಾನ್ ಆಗಿ ಕುಯ್ಸಿದ್ರೆ ಹಲಗೆ ತುಂಬ ಮೀನಿನ ಹುರುಪೆ ತರ ಮಿನುಗೋ ಚುಕ್ಕೆ ಬರತ್ತೆ, ಬಣ್ಣ ಕುಡಿಸಿದಾಗ ಆ ಚುಕ್ಕೆ ಕಡಿಮೆ ಕುಡಿದು ತಿಳಿಯಾಗೇ ಉಳಿದು ಸುತ್ತಲಿನ ಮರ ಗಾಢ ಆಗತ್ತೆ, ಆ ನೋಟಕ್ಕೋಸ್ಕರಾನೇ ನಾನು ಈ ಮರ ಬಿಡ್ತಿಲ್ಲ. ಸಾಮಿಲ್ಲಲ್ಲಿ ಮೊದಲೇ ಹೇಳಿ ಕುಯ್ಸಬೇಕು, ಇಲ್ಲಾಂದ್ರೆ ಅವರು ಸಾಮಾನ್ಯವಾಗಿ ಚಪ್ಪಟೆಗೆ ಕುಯ್ದು ಕೊಡ್ತಾರೆ. ಇದರ ಧೂಳು ಕೆಲವರ ಚರ್ಮಕ್ಕೆ ಆಗಲ್ಲ, ತುರಿಕೆ ಬರತ್ತೆ, ತುಂಬು ತೋಳಿನ ಅಂಗಿ, ಮಾಸ್ಕ್ ಹಾಕ್ಕೊಂಡೇ ಉಜ್ಜಿ.

ತೇಗ ಇದ್ರೆ ಡೈ ಯಾಕೆ ಬೇಕು, ಬರೀ ಎಣ್ಣೆ ಸಾಕು, ಅದು ಹಾಗೇ ಚೆಂದ. ಬೀಟೆಗೆ ಮಾತ್ರ ಅಗಸೆ ಎಣ್ಣೆ ಹಚ್ಚೋಕೆ ಮುಂಚೆ ಯೋಚನೆ ಮಾಡಿ, ಆ ಮರದೊಳಗಿರೋ ಸತ್ವವೇ ಎಣ್ಣೆ ಒಣಗೋದನ್ನ ತಡೆಯತ್ತೆ, ವಾರ ಕಳೆದ್ರೂ ಕೈಗೆ ಅಂಟ್ತಾ ಇರತ್ತೆ. ಬೀಟೆಗೆ ಅರಗಿನ ಪಾಲಿಶ್ ಒಳ್ಳೇದು.

ಇನ್ನು ಉಜ್ಜೋದು. ಇದನ್ನ ಯಾರೂ ಇಷ್ಟಪಡಲ್ಲ, ಆದ್ರೆ ಇಡೀ ಕೆಲಸದ ಮುಕ್ಕಾಲು ಪಾಲು ಇದೇ. ಪೇಂಟ್ ಆದ್ರೆ ಲಪ್ಪ ಹಾಕಿ ಮುಚ್ಚಬಹುದು, ಡೈ ಮತ್ತು ಎಣ್ಣೆ ಏನನ್ನೂ ಮುಚ್ಚಲ್ಲ, ಇರೋ ತಪ್ಪನ್ನೆಲ್ಲ ದೊಡ್ಡದು ಮಾಡಿ ತೋರಿಸತ್ತೆ. 80ನೇ ನಂಬರ್ ಉಪ್ಪು ಕಾಗದದಲ್ಲಿ (ನಂಬರ್ ಏರಿದಷ್ಟೂ ಕಾಗದ ನುಣುಪು) ರೌಟರ್, ಅಂದ್ರೆ ಮರ ಕೊರೆಯೋ ಮೆಷಿನ್, ಸುಟ್ಟ ಕಲೆ, ಅರದ ಗೆರೆ ಎಲ್ಲ ತೆಗೀರಿ, ಆಮೇಲೆ 120, 180, 220, ಒಂದು ನಂಬರೂ ಬಿಡಬಾರದು, ಯಾಕಂದ್ರೆ ಹಿಂದಿನ ನಂಬರಿನ ಗೀರನ್ನ ಮುಂದಿನ ನಂಬರ್ ತೆಗೀಬೇಕು, 80ರಿಂದ ಸೀದಾ 220ಗೆ ಹಾರಿದ್ರೆ ಮೇಲ್ಮೈ ಕೈಗೆ ನುಣ್ಣಗಿರತ್ತೆ ಆದ್ರೆ ಡೈ ಹಾಕಿದ ಕೂಡ್ಲೇ ಹಳೇ ಗೀರೆಲ್ಲ ಕಪ್ಪು ದಾರದ ಹಾಗೆ ಎದ್ದು ಕೂರತ್ತೆ. ಕೊನೆಯ ಸುತ್ತು ಮೆಷಿನ್ ಬಿಟ್ಟು ಕೈಯಲ್ಲೇ, ಮರದ ಎಳೆ ಹೋಗೋ ದಿಕ್ಕಲ್ಲೇ ಉಜ್ಜಿ, ಮೆಷಿನ್ನಿನ ಸುರುಳಿ ಗುರುತು ಡೈಯಲ್ಲಿ ತುಂಬಾ ಕೆಟ್ಟದಾಗಿ ಕಾಣತ್ತೆ.

ಬಾಡಿಯ ಎರಡು ಕೊಂಬು, ಸೊಂಟದ ತಿರುವು, ಕೆಳಗಿನ ಬುಡ, ಈ ಜಾಗದಲ್ಲೆಲ್ಲ ಮರದ ಎಳೆ ಕೊನೆಯಾಗಿ ಬಾಯಿ ತೆರೆದಿರತ್ತೆ, ಎಂಡ್ ಗ್ರೇನ್. ಒಂದು ಹಿಡಿ ಸ್ಟ್ರಾ ಕಟ್ಟಿಟ್ಟು ತುದಿಗೆ ನೀರು ಸುರಿದ ಹಾಗೆ, ಸರ್ರಂತ ಕುಡಿದು ಬಿಡತ್ತೆ, ಮಿಕ್ಕಿದ ಬಾಡಿಗಿಂತ ಎರಡು ಪಟ್ಟು ಕಪ್ಪಾಗತ್ತೆ. ಇಲ್ಲಿ 220ಕ್ಕೆ ನಿಲ್ಲಿಸ್ದೆ 320, 400ರ ತನಕ ಹೋಗಿ, ಬಾಯಿ ಸ್ವಲ್ಪ ಮುಚ್ಚಿಕೊಂಡು ಕಡಿಮೆ ಕುಡಿಯತ್ತೆ. ಉಳಿದ ಮುಖಕ್ಕೆ ಮಾತ್ರ 220 ಸಾಕು, ಅಲ್ಲೂ 400 ಹೊಡೆದ್ರೆ ಬಣ್ಣ ಒಳಗೆ ಹೋಗೋದೇ ಇಲ್ಲ.

ಎರಡು ಹಲಗೆ ಅಂಟಿಸಿ ಬಾಡಿ ಮಾಡಿದ್ರೆ ಮಧ್ಯದ ಜೋಡಣೆ ಪಕ್ಕ ಅಂಟು ಹಿಂಡಿಕೊಂಡು ಬಂದಿರತ್ತಲ್ಲ, ಅದನ್ನ ಒದ್ದೆ ಬಟ್ಟೇಲಿ ಒರೆಸಿದ್ರೆ ಹೋಯ್ತು ಅಂತ ಅನ್ಸತ್ತೆ, ಹೋಗಿರಲ್ಲ, ತೆಳ್ಳಗೆ ಮರದೊಳಗೆ ಹರಡಿಕೊಂಡಿರತ್ತೆ, ಆ ಜಾಗ ಡೈ ಕುಡಿಯಲ್ಲ, ಬಿಳಿ ಮಚ್ಚೆ ಉಳಿಯತ್ತೆ. ಕಂಡುಹಿಡಿಯೋಕೆ ದಾರಿ ಒಂದಿದೆ. ಪಾಲಿಶ್ ಸ್ಪಿರಿಟ್ ಬಟ್ಟೆಗೆ ಹಾಕ್ಕೊಂಡು ಇಡೀ ಬಾಡಿ ಒಂದ್ಸಲ ಒರೆಸಿ, ಒದ್ದೆಯಾಗಿರೋ ಅರ್ಧ ನಿಮಿಷ ಓರೆ ಬೆಳಕಲ್ಲಿ ನೋಡಿ, ಅಂಟಿರೋ ಕಡೆ ಬೇರೆ ಬಣ್ಣದ ಮೋಡ ಕಾಣತ್ತೆ, ಉಳಿದ ಗೀರೂ ಕಾಣತ್ತೆ. ಪೆನ್ಸಿಲಲ್ಲಿ ಗುರುತು ಹಾಕಿ ಮತ್ತೆ ಉಜ್ಜಿ. ಕಿಟಕಿ ತೆಗೆದಿರಿ, ಹತ್ರ ದೀಪ, ಒಲೆ ಇರಬಾರದು, ಆ ಸ್ಪಿರಿಟ್ಟಿನ ಆವಿ ವಿಷ.

ಆಮೇಲೆ ನೀರು. ನೀರಲ್ಲಿ ಕಲಸೋ ಡೈ ಹಾಕ್ತೀರಾದ್ರೆ ಮರದ ಸಣ್ಣ ಸಣ್ಣ ಎಳೆ ಉಬ್ಬಿ ಎದ್ದು ನಿಲ್ಲತ್ತೆ, ಮೇಲ್ಮೈ ಬೆಕ್ಕಿನ ನಾಲಿಗೆ ಹಾಗೆ ಒರಟಾಗತ್ತೆ. ಅದನ್ನ ಡೈ ಹಾಕೋಕೆ ಮುಂಚೆನೇ ಎಬ್ಬಿಸಿ ಮುಗಿಸ್ಬೇಕು. ಒದ್ದೆ ಬಟ್ಟೇಲಿ ಬಾಡಿ ಒರೆಸಿ, ರಾತ್ರಿ ಒಣಗೋಕೆ ಬಿಟ್ಟು, ಬೆಳಗ್ಗೆ ಹಳೇ 220ರ ಪೇಪರಲ್ಲಿ ಕೈ ಸವರಿದಷ್ಟು ಹಗುರವಾಗಿ ಎದ್ದ ಎಳೆ ಮಾತ್ರ ಕತ್ತರಿಸಿ. ಎರಡು ಸಲ ಮಾಡಿದ್ರೆ ಸಾಕು. ಇದಕ್ಕೆ ಸ್ಟೀಲ್ ವುಲ್ ಬೇಡ, ಅದರ ಚೂರು ಮರದ ರಂಧ್ರದಲ್ಲಿ ಕೂತು, ನೀರು ಬಿದ್ದಾಗ ತುಕ್ಕು ಹಿಡಿದು, ಮರದ ಒಗರಿನ ಜೊತೆ ಸೇರಿ ಕಪ್ಪು ಚುಕ್ಕೆ ಆಗತ್ತೆ. ಅದೇ ಕಾರಣಕ್ಕೆ ಡೈ ಕಲಸೋಕೆ ಬೋರ್‌ವೆಲ್ ನೀರೂ ಬೇಡ, ಕಬ್ಬಿಣದ ಅಂಶ ಇರತ್ತೆ, ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ತನ್ನಿ. ಆ ಒಗರು-ಕಬ್ಬಿಣದ ಗುಣವನ್ನೇ ಬೇಕಂತ ಉಪಯೋಗಿಸಿ ಕಪ್ಪು ಗಿಟಾರ್ ಮಾಡಬಹುದು, ಅಳಲೆಕಾಯಿ ಕಷಾಯ ಬಳಿದು ಒಣಗಿಸಿ, ಅದರ ಮೇಲೆ ವಿನೆಗರಲ್ಲಿ ನೆನೆಸಿದ ಕಬ್ಬಿಣದ ನೀರು ಹಚ್ಚಿದ್ರೆ ಕಣ್ಣೆದುರೇ ಕಪ್ಪಾಗತ್ತೆ, ಅದು ಬಿಸಿಲಿಗೂ ಅಷ್ಟು ಸುಲಭಕ್ಕೆ ಮಾಸಲ್ಲ. ಅದರ ವಿಷಯ ಇನ್ನೊಂದ್ಸಲ ಬರೀತೀನಿ.

ಡೈ ಎರಡು ತರ ಸಿಗತ್ತೆ, ನೀರಲ್ಲಿ ಕರಗೋದು, ಸ್ಪಿರಿಟಲ್ಲಿ ಕರಗೋದು. ಸ್ಪಿರಿಟ್ಟಿಂದು ಎಳೆ ಎಬ್ಬಿಸಲ್ಲ, ಬೇಗ ಒಣಗತ್ತೆ, ಆ ಬೇಗವೇ ತೊಂದರೆ, ಒಂದು ಕಡೆ ಒರೆಸಿ ಇನ್ನೊಂದು ಕಡೆಗೆ ಹೋಗೋಷ್ಟರಲ್ಲಿ ಅಂಚು ಒಣಗಿ ಪಟ್ಟೆ ಬೀಳತ್ತೆ. ಮೊದಲ ಸಲ ಮಾಡೋರಿಗೆ ನೀರಿಂದೇ ಹೇಳ್ತೀನಿ. ಮರಕ್ಕೆ ಅಂತಾನೇ ಮಾರೋ ಪುಡಿ ಆದ್ರೆ 100 ಮಿಲಿ ಬಿಸಿ ನೀರಿಗೆ 3 ಗ್ರಾಂ ಇಂದ ಶುರು ಮಾಡಿ, ಒಂದು ಬಾಡಿಯ ಎರಡು ಮುಖ, ಅಂಚು ಎಲ್ಲಕ್ಕೂ 200 ಮಿಲಿ ಕಲಸಿಟ್ರೆ ಕಡಿಮೆ ಬೀಳಲ್ಲ. ತಣ್ಣಗಾದ ಮೇಲೆ ತೆಳು ಬಟ್ಟೇಲಿ ಸೋಸಿ, ಕರಗದ ಒಂದು ಕಣ ಉಳಿದಿದ್ರೂ ಬಾಡಿ ಮೇಲೆ ಧೂಮಕೇತು ಎಳೆದ ಹಾಗೆ ಗೆರೆ ಬೀಳತ್ತೆ. ಬಟ್ಟೆಗೆ ಹಾಕೋ ಬಣ್ಣದ ಪುಡಿಯೂ ಮರ ಕುಡಿಯತ್ತೆ, ತಪ್ಪಿಲ್ಲ, ಆದ್ರೆ ಕೆಲವು ಬಣ್ಣ ಬೇಗ ಮಾಸತ್ತೆ, ಅದರಲ್ಲೂ ಕೆಂಪು. 1958ರಿಂದ 60ರ ತನಕ ಬಂದ ಗಿಬ್ಸನ್ ಲೆಸ್ ಪಾಲ್ ಸನ್‌ಬರ್ಸ್ಟ್ (ಮಧ್ಯೆ ಹಳದಿ, ಅಂಚಿಗೆ ಹೋಗ್ತಾ ಕೆಂಪಾಗಿ ಗಾಢ ಆಗೋ ಬಣ್ಣ) ಗಿಟಾರ್‌ಗಳ ಕೆಂಪು ಎಷ್ಟೋ ಕಡೆ ಬಿಸಿಲಿಗೆ ಪೂರ್ತಿ ಹಾರಿಹೋಗಿ ಬರೀ ಹಳದಿ, ಜೇನು ಬಣ್ಣ ಉಳಿದಿದೆ, ಈಗ ಜನ ಆ ಮಾಸಿದ ಬಣ್ಣಕ್ಕೇ ಮರುಳಾಗಿದಾರೆ ಅನ್ನೋದು ಬೇರೆ ಮಾತು. ನಿಮ್ಮ ಪರೀಕ್ಷೆ ತುಂಡನ್ನ ಅರ್ಧ ಭಾಗಕ್ಕೆ ದಪ್ಪ ರಟ್ಟು ಕಟ್ಟಿ ಒಂದು ತಿಂಗಳು ಬಿಸಿಲು ಬೀಳೋ ಕಿಟಕೀಲಿಡಿ, ನಂಬಬಹುದಾ ಇಲ್ವಾ ಅಂತ ಅದೇ ಹೇಳತ್ತೆ.

ಡೈ ಹಾಕೋಕೆ ಮುಂಚೆ ನೆಕ್ ಪಾಕೆಟ್, ಅಂದ್ರೆ ಗಿಟಾರಿನ ಕತ್ತು ಬಾಡಿಗೆ ಬಂದು ಕೂರೋ ಗುಳಿ, ಅದರ ಒಳಗೆ ಮಾಸ್ಕಿಂಗ್ ಟೇಪ್ ಹಾಕಿ. ಅಲ್ಲಿ ಬಣ್ಣ, ಎಣ್ಣೆ ಎರಡೂ ಬೇಡ, ನೆಕ್ ಬಿಗಿಯಾಗಿ ಬರೀ ಮರಕ್ಕೆ ಮರ ಕೂರಬೇಕು. ಪಾಕೆಟ್ಟಿಗೆ ಒಂದು ಉದ್ದ ರಿಪೀಸ್ ಪಟ್ಟಿ ಸ್ಕ್ರೂ ಹೊಡ್ಕೊಂಡ್ರೆ ಹಿಡಿ ಆಯ್ತು, ದೋಸೆ ತಿರುವೋ ಹಾಗೆ ಬಾಡಿಯನ್ನ ಮುಟ್ಟದೆ ತಿರುಗಿಸಬಹುದು, ಕೆಲಸ ಮುಗಿದ ಮೇಲೆ ಅದೇ ಪಟ್ಟಿಗೆ ತಂತಿ ಕಟ್ಟಿ ನೇತು ಹಾಕಬಹುದು. ಕೈಗೆ ಗ್ಲೌಸ್ ಹಾಕಿ, ಡೈ ಉಗುರಲ್ಲಿ ಕೂತ್ರೆ ವಾರ ಹೋಗಲ್ಲ.

ಚುಕ್ಕೆ, ಎಳೆ ಎದ್ದು ಕಾಣೋ ಹಾಗೆ ಮಾಡೋಕೆ ಎರಡು ಬಣ್ಣದ ಆಟ ಇದೆ. ಮೊದಲು ಕಡು ಕಂದು ಅಥವಾ ಕಪ್ಪು ಡೈ ತೆಳ್ಳಗೆ ಬಳಿದು ಪೂರ್ತಿ ಒಣಗಿಸಿ. ನೋಡೋಕೆ ಇದ್ದಿಲಿನ ಹಾಗಿರತ್ತೆ, ಕೆಟ್ಟೇ ಹೋಯ್ತು ಅಂತ ಅನ್ಸತ್ತೆ, ಹೆದರಬೇಡಿ. ಈಗ 220ರಲ್ಲಿ ಉಜ್ಜಿ, ಮೇಲಿನ ಕಪ್ಪೆಲ್ಲ ಹೋಗಿ ರಂಧ್ರ, ಮೆತ್ತನೆ ಎಳೆಯೊಳಗೆ ಇಳಿದ ಕಪ್ಪು ಮಾತ್ರ ಉಳಿಯತ್ತೆ. ಅದರ ಮೇಲೆ ನಿಮಗೆ ಬೇಕಾದ ಬಣ್ಣ ಹಾಕಿ, ನಾನು ಹಾಕೋದು ಜೇನು ಹಳದಿ. ಸಿಲ್ವರ್ ಓಕಿನ ಹುರುಪೆ ಚುಕ್ಕೆ ಹೊಳೆಯೋದು ಆಗಲೇ, ಗಿಟಾರ್ ಓರೆ ಮಾಡಿದ್ರೆ ಚುಕ್ಕೆ ನಡೆದಾಡಿದ ಹಾಗೆ ಕಾಣತ್ತೆ, ರೇಷ್ಮೆ ಸೀರೆ ಸೆರಗು ತಿರುಗಿಸಿದಾಗ ಆಗತ್ತಲ್ಲ ಹಾಗೆ.

ಮುಖ್ಯ ಬಣ್ಣ ಹಾಕೋವಾಗ ಜಿಪುಣತನ ಬೇಡ. ಹಳೇ ಬನಿಯನ್ ಬಟ್ಟೆ, ಚೆನ್ನಾಗಿ ಒಗೆದದ್ದು, ಗುಬ್ಬಿ ಮೊಟ್ಟೆ ಅಲ್ಲ, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ಅದ್ದಿ, ಒಂದು ಮುಖವನ್ನ ಒಂದೇ ಉಸಿರಿಗೆ ಪೂರ್ತಿ ಒದ್ದೆ ಮಾಡಿ, ಮಧ್ಯದಲ್ಲಿ ಫೋನ್ ಬಂದ್ರೂ ತೆಗೀಬೇಡಿ. ಎಂಡ್ ಗ್ರೇನ್ ಇರೋ ಅಂಚನ್ನ ಮೊದಲು ಬರೀ ನೀರಲ್ಲಿ ಒದ್ದೆ ಮಾಡ್ಕೊಂಡ್ರೆ ಅಲ್ಲಿ ಬಣ್ಣ ಅತಿಯಾಗಿ ಎಳ್ಕೊಳಲ್ಲ. ಒಂದೆರಡು ನಿಮಿಷ ಬಿಟ್ಟು ಒಣ ಬಟ್ಟೇಲಿ ಎಳೆಯ ದಿಕ್ಕಲ್ಲೇ ಒರೆಸಿ. ತಿಳಿಯಾಯ್ತಾ, ಒಣಗಿದ ಮೇಲೆ ಇನ್ನೊಂದು ಕೈ ಹಾಕಬಹುದು. ಗಾಢ ಆಯ್ತಾ, ಕೂಡ್ಲೇ ಬರೀ ನೀರಿನ ಬಟ್ಟೇಲಿ ಒರೆಸಿದ್ರೆ ಸ್ವಲ್ಪ ಹಿಂದಕ್ಕೆ ಬರತ್ತೆ, ಪೂರ್ತಿ ಬರಲ್ಲ, ಅದಕ್ಕೇ ಯಾವಾಗಲೂ ತೆಳ್ಳಗಿಂದ ಶುರು.

ಆ ಸನ್‌ಬರ್ಸ್ಟ್ ತರದ ಬಣ್ಣ ಬೇಕು, ಸ್ಪ್ರೇ ಗನ್ ಇಲ್ಲ ಅನ್ನೋರಿಗೆ, ಕೈಯಲ್ಲೂ ಆಗತ್ತೆ. ಇಡೀ ಮುಖಕ್ಕೆ ಹಳದಿ ಹಾಕಿ ಅದು ಇನ್ನೂ ಹಸಿಯಾಗಿರುವಾಗಲೇ ಅಂಚಿಂದ ಎರಡು ಬೆರಳು ಅಗಲಕ್ಕೆ ಕೆಂಪು ಕಂದು ಹಚ್ಚಿ, ಕೊಟ್ಟಕೊನೆಯ ಅಂಚಿಗೆ ಕಡು ಕಂದು. ಈಗ ಹಳದಿ ಅದ್ದಿ ಹಿಂಡಿದ ಬಟ್ಟೇಲಿ ಎರಡು ಬಣ್ಣ ಸೇರೋ ಗಡಿ ಮೇಲೆ ಸಣ್ಣ ಸಣ್ಣ ಸುತ್ತು ಹಾಕ್ತಾ ಒಳಗಿಂದ ಹೊರಗೆ ತಳ್ಳಿ. ಹೊರಗಿಂದ ಒಳಗೆ ಎಳೆದ್ರೆ ಮಧ್ಯದ ಹಳದಿ ಕೊಳಕಾಗತ್ತೆ. ಮೊದಲ ಸಲಕ್ಕೇ ಗಡಿ ಮಾಯ ಆಗಲ್ಲ, ಮೂರು ನಾಲ್ಕು ಸಲ ಮಾಡಿ, ಪ್ರತೀ ಸಲ ಎರಡು ಹೆಜ್ಜೆ ಹಿಂದೆ ನಿಂತು ನೋಡಿ, ಹತ್ರದಿಂದ ಪಟ್ಟೆ ಅನ್ಸೋದು ದೂರದಿಂದ ಸರಿಯಾಗಿ ಕಾಣ್ತಿರತ್ತೆ. ಆಮೇಲೆ ಒಂದು ದಿನ ಪೂರ್ತಿ ಒಣಗಬೇಕು, ಒಳಗೆ ನೀರಿನ ಪಸೆ ಇದ್ದಾಗ ಎಣ್ಣೆ ಹಾಕಿದ್ರೆ ಬೆಳ್ಳಗೆ ಮಸುಕು ಹಿಡಿಯತ್ತೆ.

ಈಗ ಎಣ್ಣೆ. ಎಲ್ಲ ಎಣ್ಣೆಯೂ ಮರಕ್ಕೆ ಆಗಲ್ಲ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ, ಹರಳೆಣ್ಣೆ, ಹೊಂಗೆ ಎಣ್ಣೆ ಇವ್ಯಾವೂ ಒಣಗಿ ಗಟ್ಟಿಯಾಗಲ್ಲ, ಧೂಳು ಹಿಡಿದು ಜಿಡ್ಡಾಗತ್ತೆ ಅಷ್ಟೇ. ಅಗಸೆ, ಟಂಗ್, ಅಕ್ರೋಟು ಎಣ್ಣೆಗಳು ಗಾಳಿಯ ಆಮ್ಲಜನಕ ಎಳ್ಕೊಂಡು ತಾವೇ ಗಟ್ಟಿಯಾಗ್ತವೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಚಟ್ನಿಪುಡಿ ಆಗೋ ಅದೇ ಅಗಸೆ. ಆದ್ರೆ ಗಾಣದಲ್ಲಿ ತೆಗೆದ ಹಸಿ ಅಗಸೆ ಎಣ್ಣೆ ಒಣಗೋಕೆ ವಾರಗಟ್ಟಲೆ ತಗೊಳತ್ತೆ, ಹಾರ್ಡ್‌ವೇರ್ ಅಂಗಡೀಲಿ ಡಬಲ್ ಬಾಯಿಲ್ಡ್ ಲಿನ್‌ಸೀಡ್ ಅಂತ ಕೇಳಿ ತನ್ನಿ, ಬೇಗ ಒಣಗೋಕೆ ಲೋಹದ ಲವಣ ಸೇರಿಸಿರ್ತಾರೆ, ಹಾಗಾಗಿ ಅದನ್ನ ಅಡುಗೆಮನೆ ಹತ್ರ ತರಬೇಡಿ. ಬರೀ ಅಗಸೆ ಎಣ್ಣೆ ಮೆತ್ತಗಿರತ್ತೆ, ಬೆವರಿಗೆ ಅಷ್ಟು ತಡೆಯಲ್ಲ. ನನ್ನ ಅಳತೆ ಒಂದು ಪಾಲು ಎಣ್ಣೆ, ಒಂದು ಪಾಲು ಎಣ್ಣೆ ಆಧಾರದ ವಾರ್ನಿಷ್, ಒಂದು ಪಾಲು ಟರ್ಪೆಂಟೈನ್. ಡೇನಿಷ್ ಆಯಿಲ್ ಅಂತ ಮಾರೋದೂ ಹೆಚ್ಚುಕಡಿಮೆ ಇಂಥದ್ದೇ ಮಿಶ್ರಣ. ಮ್ಯೂಸಿಕ್ ಮ್ಯಾನ್ ಗಿಟಾರ್‌ಗಳ ನೆಕ್ಕಿಗೆ ಬಂದೂಕಿನ ಹಿಡಿಗೆ ಹಚ್ಚೋ ಗನ್‌ಸ್ಟಾಕ್ ಆಯಿಲ್ ಮತ್ತು ಮೇಣ ಹಾಕ್ತಾರೆ, ಅದು ಸಿಕ್ಕಿದ್ರೆ ಬಾಡಿಗೂ ಚೆನ್ನಾಗಿರತ್ತೆ, ತೆಳ್ಳಗೆ ಹತ್ತು ಹನ್ನೆರಡು ಕೋಟ್ ಹಾಕಿದ್ರೆ ಹೊಳಪೂ ಬರತ್ತೆ.

ಮೊದಲನೇ ಕೋಟನ್ನ ಧಾರಾಳವಾಗಿ ಹಚ್ಚಿ, ಮರ ಎಷ್ಟು ಕುಡಿಯತ್ತೋ ಕುಡೀಲಿ, ಒಣಗಿದ ಕಡೆ ಮತ್ತೆ ಹಾಕಿ, 15 ನಿಮಿಷ ಬಿಟ್ಟು ಮೇಲೆ ಉಳಿದದ್ದನ್ನೆಲ್ಲ ಒರೆಸಿ ತೆಗೀರಿ. ಈ ಒರೆಸೋದರಲ್ಲೇ ಎಲ್ಲ ಇರೋದು, ಮೇಲೆ ಉಳಿದ ಎಣ್ಣೆ ಒಣಗಲ್ಲ, ಅಂಟು ಬೆಲ್ಲದ ಪಾಕ ಆಗತ್ತೆ, ಆಮೇಲೆ ಟರ್ಪೆಂಟೈನಲ್ಲಿ ತೊಳೆದು ಮತ್ತೆ ಮೊದಲಿಂದ. ಬಟ್ಟೆಗೆ ಸ್ವಲ್ಪ ಬಣ್ಣ ಬಂದ್ರೆ ಗಾಬರಿ ಬೇಡ, ನೀರಿನ ಡೈ ಎಣ್ಣೆಯಲ್ಲಿ ಕರಗಲ್ಲ, ಮೇಲೆ ಸಡಿಲವಾಗಿ ಕೂತಿದ್ದ ಪುಡಿ ಮಾತ್ರ ಅದು, ಆದ್ರೆ ಮೊದಲ ಕೋಟಲ್ಲಿ ತಿಕ್ಕಬೇಡಿ, ಒತ್ತಿ ಒತ್ತಿ ಒರೆಸಿ. ಒಂದು ಗಂಟೆ ಬಿಟ್ಟು ಬಂದು ನೋಡಿ, ರಂಧ್ರದಿಂದ ಎಣ್ಣೆ ಬೆವರಿದ ಹಾಗೆ ಹೊರಗೆ ಬಂದಿರತ್ತೆ, ಅದನ್ನೂ ಒರೆಸಿ.

ಮೊದಲ ಎರಡು ಕೋಟ್ ಆದ ಮೇಲೆ ಉಜ್ಜೋ ಆಸೆ ಬರತ್ತೆ, ಬೇಡ. ಬಣ್ಣ ಇರೋದು ಕೂದಲೆಳೆ ದಪ್ಪಕ್ಕಿಂತ ಹೆಚ್ಚೇನಿಲ್ಲ, ಅಂಚಲ್ಲಿ ಒಂದು ಸಲ ಜಾಸ್ತಿ ಉಜ್ಜಿದ್ರೆ ಹಸಿ ಮರ ಕಾಣತ್ತೆ, ತೇಪೆ ಹಾಕಿದ್ರೂ ಗೊತ್ತಾಗತ್ತೆ. ಎಣ್ಣೆ ಹಾಕ್ತಾ ಒದ್ದೆ ಪೇಪರಲ್ಲಿ ಉಜ್ಜಿ ರಂಧ್ರ ತುಂಬೋ ವಿಧಾನ ಇದೆಯಲ್ಲ, ಅದು ಬಣ್ಣ ಹಾಕದ ಬಾಡಿಗೆ ಮಾತ್ರ. ಮೂರನೇ ಕೋಟಿನ ಮೇಲೆ 600ರ ಪೇಪರ್ ಅಥವಾ ನೈಲಾನ್ ಸ್ಕ್ರಬರಲ್ಲಿ ಹಗುರವಾಗಿ ಧೂಳಿನ ಕಣ ತೆಗೆದು ಮುಂದುವರೀರಿ. ಎರಡನೇದರಿಂದ ಎಲ್ಲ ಕೋಟೂ ತೆಳ್ಳಗೆ, ಒಟ್ಟು ಐದಾರು ಸಾಕು.

ಒಂದು ಕೋಟಿಂದ ಇನ್ನೊಂದಕ್ಕೆ ಬೇಸಿಗೇಲಿ 24 ಗಂಟೆ ಸಾಕು. ಮಲೆನಾಡಲ್ಲಿ ಆರಿದ್ರಾ ಮಳೆ ಹಿಡಿದ ಮೇಲೆ ಈ ಕೆಲಸ ಶುರು ಮಾಡ್ಬೇಡಿ, ಮೂರು ದಿನವಾದ್ರೂ ಅಂಟು ಹೋಗಲ್ಲ, ಮರವೇ ಉಬ್ಬಿರತ್ತೆ, ಹಸಿ ಮೂಲೇಲಿ ಬೂಷ್ಟೂ ಹಿಡಿಯತ್ತೆ. ಸಂಕ್ರಾಂತಿಯಿಂದ ಯುಗಾದಿ ತನಕ ಒಳ್ಳೇ ಕಾಲ.

ಎಣ್ಣೆ ಬಟ್ಟೆ ವಿಷಯ, ದಯವಿಟ್ಟು ಇದನ್ನ ಹಾರಿಸಿ ಓದಬೇಡಿ. ಅಗಸೆ ಎಣ್ಣೆ ಒಣಗೋವಾಗ ಬಿಸಿ ಹುಟ್ಟತ್ತೆ. ಒರೆಸಿದ ಬಟ್ಟೇನ ಮುದ್ದೆ ಮಾಡಿ ಮೂಲೆಗೆ ಎಸೆದ್ರೆ ಆ ಬಿಸಿ ಹೊರಗೆ ಹೋಗೋಕೆ ಜಾಗ ಇರಲ್ಲ, ಒಳಗೇ ಏರಿ ಏರಿ ಕೆಲವು ಗಂಟೇಲಿ ತಾನಾಗೇ ಬೆಂಕಿ ಹತ್ತಿಕೊಳ್ಳತ್ತೆ, ಕಡ್ಡಿ ಗೀರಬೇಕಿಲ್ಲ. ನಾನು ಒಂದು ಸಲ ಅರ್ಧ ಗಂಟೆ ಊಟಕ್ಕೆ ಹೋಗಿ ಬಂದು ಬಟ್ಟೆ ಮುದ್ದೆ ಮುಟ್ಟಿದಾಗ ಇಸ್ತ್ರಿ ಮಾಡಿದ ಅಂಗಿ ಹಾಗೆ ಬೆಚ್ಚಗಿತ್ತು, ಸುತ್ತ ಮರದ ಹೊಟ್ಟು. ಅವತ್ತಿಂದ ಪ್ರತಿಯೊಂದು ಬಟ್ಟೇನೂ ಅಂಗಳದ ತಂತಿ ಮೇಲೆ ಒಂದೇ ಪದರ ಹರಡಿ ಕಡ್ಡಿ ಹಾಗೆ ಒಣಗಿ ಸೆಟೆದುಕೊಳ್ಳೋ ತನಕ ಬಿಡ್ತೀನಿ, ಇಲ್ಲಾಂದ್ರೆ ಮುಚ್ಚಳ ಇರೋ ತಗಡಿನ ಡಬ್ಬದಲ್ಲಿ ನೀರಲ್ಲಿ ಮುಳುಗಿಸಿಡ್ತೀನಿ. ಮನೇಲಿ ಮಕ್ಕಳು, ಅಜ್ಜಿ ಮಲಗಿರ್ತಾರೆ, ನಾಳೆ ನೋಡೋಣ ಅಂತ ಬಿಡೋ ಕೆಲಸ ಅಲ್ಲ.

ಕೊನೇ ಕೋಟ್ ಆದ ಮೇಲೆ ಮೂರು ನಾಲ್ಕು ವಾರ ತಂತಿಗೆ ನೇತು ಹಾಕಿ ಮರೆತುಬಿಡಿ. ಮುಟ್ಟಿದ್ರೆ ಒಣಗಿದ ಹಾಗೆ ಎರಡೇ ದಿನಕ್ಕೆ ಅನ್ಸತ್ತೆ, ಆದ್ರೆ ಒಳಗೆ ಹಸಿ ಇರತ್ತೆ, ಬ್ರಿಡ್ಜ್ (ಬಾಡಿ ಮೇಲೆ ತಂತಿ ಕೂರೋ ಭಾಗ) ಕೂರಿಸಿದ್ರೆ ಅದರ ಅಚ್ಚು ಬೀಳತ್ತೆ. ಮೂಗು ಹತ್ರ ಹಿಡಿದಾಗ ಎಣ್ಣೆ ವಾಸನೆ ಬರ್ತಾ ಇದೆ ಅಂದ್ರೆ ಇನ್ನೂ ಕಾಯಬೇಕು. ಆಮೇಲೆ ಜೇನುಮೇಣ. ಒಂದು ಪಾಲು ಮೇಣ, ನಾಲ್ಕು ಪಾಲು ಅದೇ ಅಗಸೆ ಎಣ್ಣೆ, ಬಿಸಿ ನೀರಿನ ಪಾತ್ರೆಯೊಳಗೆ ಇನ್ನೊಂದು ಡಬ್ಬ ಇಟ್ಟು ಕರಗಿಸಿ, ಸೀದಾ ಉರಿ ಮೇಲೆ ಯಾವತ್ತೂ ಬೇಡ. ಆರಿದ ಮೇಲೆ ತುಪ್ಪದ ಹಾಗೆ ಹೆಪ್ಪಾಗತ್ತೆ, ತೆಳ್ಳಗೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಉಣ್ಣೆ ಬಟ್ಟೇಲಿ ತಿಕ್ಕಿ. ಹೊಳಪು ಕನ್ನಡಿ ತರ ಇರಲ್ಲ, ಹಳೇ ತೊಟ್ಟಿಮನೆಯ ಕಂಬ ಕೈ ಸವರಿ ಸವರಿ ಮಿರುಗ್ತಾ ಇರತ್ತಲ್ಲ, ಆ ತರದ್ದು, ನನಗೆ ಬೇಕಿದ್ದದ್ದೂ ಅದೇ.

ಕನ್ನಡಿ ಹೊಳಪೇ ಬೇಕು ಅನ್ನೋರು ಎಣ್ಣೆ ಬಿಟ್ಟು ಲ್ಯಾಕರ್ ಹಾದಿ ಹಿಡಿಯೋದು ಒಳ್ಳೇದು. ಕ್ವೀನ್ ಬ್ಯಾಂಡಿನ ಗಿಟಾರಿಸ್ಟ್ ಬ್ರಿಯಾನ್ ಮೇ 1963ರಲ್ಲಿ ಅಪ್ಪನ ಜೊತೆ ಮನೇಲಿ ಮಾಡೋಕೆ ಶುರು ಮಾಡಿದ ಗಿಟಾರ್, ಹಳೇ ಬೆಂಕಿಗೂಡಿನ ಮರದಿಂದ ನೆಕ್ ಮಾಡಿದ್ದು, ಅದಕ್ಕೂ ಎಣ್ಣೆ ಹಚ್ಚಲಿಲ್ಲ, ಆ ಕಾಲದ ಪ್ಲಾಸ್ಟಿಕ್ ಕೋಟಿಂಗ್ ಕೈಯಲ್ಲೇ ಹಾಕಿ ಪಾಲಿಶ್ ಮಾಡಿದ್ದು. ಗಟ್ಟಿ ಹೊದಿಕೆ ಅದು, ಆದ್ರೆ ಏಟು ಬಿದ್ದು ಚಕ್ಕೆ ಎದ್ದರೆ ತೇಪೆ ಕಷ್ಟ.

ಎಣ್ಣೆಯ ಬಾಡಿಗೆ ಬೆಲ್ಟಿನ ಬಕಲ್ ಗೀರು ಬಿದ್ರೆ, 600ರಲ್ಲಿ ಅಲ್ಲಿಗೆ ಮಾತ್ರ ಸವರಿ, ಬಣ್ಣ ಹೋಗಿದ್ರೆ ಬಚ್ಚಿಟ್ಟ ಡೈಯನ್ನ ಸಣ್ಣ ಬ್ರಷ್ಷಲ್ಲಿ ಮುಟ್ಟಿಸಿ ಒಣಗಿಸಿ, ಎರಡು ಹನಿ ಎಣ್ಣೆ ಬೆರಳಲ್ಲೇ ತಿಕ್ಕಿ. ವರ್ಷಕ್ಕೊಂದು ಸಲ ತಂತಿ ಬದಲಾಯಿಸೋವಾಗ ಎಲ್ಲ ಬಿಚ್ಚಿ, ಮೊಣಕೈ ಉಜ್ಜೋ ಮೇಲಂಚಿಗೆ ಒಂದು ತೆಳು ಕೋಟ್ ಕೊಡಿ, ಬೆವರಿಗೆ ಮೊದಲು ಸೊರಗೋದು ಆ ಜಾಗವೇ.